ತಿರುಗಿ ಬರದ ಬಾಗು

ಮೊದಲು ಬ್ಯಾಡ ಅನ್ನೋದು ಕಲಿ, ಅಂದಿದ್ದ ಹಯ್ಯಾಳಪ್ಪ ಮಾವ,
ಸುರಪುರದ ಕಟಿಗಿ ಮಿಲ್ಲಿನಾಗ, ಗರಗಸ ಒದರೂದರ ನಡುವ.
ಸಾಗವಾನಿ ತೋರ್ಸಿದೆ.
ಬ್ಯಾಡ. ಚಂದ ಅದ, ಆದ್ರ ಹೇಳದ ಕೇಳದ ಮುರೀತದ.
ಬೇವು?
ಅದು ಬಾಗಿಲಿಗಿ, ಹಲ್ಲಿಗಿ, ಅಮ್ಮ ಬಂದಾಗ ಹಾಸಿಗಿಗಿ.
ಕರಿಜಾಲಿ ತುಂಡು ಎತ್ತಿ ಕೊಟ್ಟೆ. ಅಂಗೈಯಾಗ ತೂಗಿ ನೋಡಿ
ಗಾಡಿ ಗಾಲಿ ಆಗಬೇಕಿತ್ತು ಪಾಪ, ಅಂತ ಹೊಳ್ಳಿ ಇಟ್ಟ.
ಮಿಲ್ಲಿನ ಖಾಜಾಸಾಬ ಬೀಡಿ ತುಟಿಯಾಗ ಇಟ್ಕೊಂಡೇ ನಕ್ಕ:
ನಾಕು ವರ್ಷ ಆತು ಬರಾಕತ್ತಿ,
ಒಂದು ಚಕ್ಕಿ ಸೈತ ಒಯ್ದಿಲ್ಲ ನಿಮ್ಮ ಮಾವ.

ಅವಗ ಬೇಕಿದ್ದದ್ದು ತಡಸಲು.
ಗುಡ್ಡದ ನೆರಳು ಮಗ್ಗಲಾಗ ಹಸಿದು ಹಸಿದು ಬೆಳದದ್ದು,
ಮುಂಗೈಯಷ್ಟು ದಪ್ಪ, ಗಂಟು ಇರಬಾರದು,
ದೀಪಾವಳಿ ಆದ ಮ್ಯಾಲ, ರಸ ಬೇರಿಗಿ ಇಳದಾಗ ಕಡದದ್ದು.
ಎರಡೂ ತುದಿಗಿ ಸೆಗಣಿ ಮೆತ್ತಿ
ಒಲಿ ಮ್ಯಾಲಿನ ಅಟ್ಟದಾಗ ಒಂದು ವರ್ಷ ಹೊಗಿ ಕುಡಿಸಬೇಕು.
ಬಿಸಲಿಗಿ ಇಟ್ರ ಸೀಳತದ, ಸಿಟ್ಟಿನ ಮನಷ್ಯಾನ ಗತಿ.
ಈಗ ಆ ಗುಡ್ಡದ ಮರಕ್ಕೆಲ್ಲ ಫಾರೆಸ್ಟಿನವರ ನಂಬರು.
ಹಂಗಾಗಿ ಊರಾಗ ಹುಡುಕು, ಅಂದ, ಮನಿ ಮನಿಯಾಗ,
ಕೆಲಸ ಮುಗಿಸಿ ಕುಂತ ಕಟಿಗಿ.

ನಮ್ಮ ಮನಿ ಹಿತ್ತಲದಾಗೇ ಇತ್ತು.
ಅಪ್ಪನ ಕಾವಡಿ.
ನಳ ಬರೂಕಿಂತ ಮೊದಲು ಬಸ್‌ಸ್ಟ್ಯಾಂಡಿನ ಹೋಟೆಲಿಗಿ
ಇಪ್ಪತ್ತೆರಡು ವರ್ಷ ಅಪ್ಪ ನೀರು ಹೊತ್ತದ್ದು,
ನಡುವ ಹೆಗಲಿನ ಬೆವರಿಗಿ ಕರ್ರಗ ಮಿಂಚತಿತ್ತು.
ಮಾವ ಉಗುರಷ್ಟು ಹೆರದು ನೋಡಿದ. ಒಳಗ ಕೆಂಪು.
ಮೂಸಿದ. ನಾಲಿಗಿ ಹಚ್ಚಿದ.
ತಡಸಲೇ, ಅಂದ. ನನ್ನ ಎದಿ ಜಿಗೀತು.
ಮೊಣಕಾಲಿಗಿ ಒತ್ತಿ ಬಾಗಿಸಿದ, ಬೆಣ್ಣಿ ಬಾಗಿದಂಗ ಬಾಗಿತು.
ಬಿಟ್ಟ.
ನೆಲದ ಮ್ಯಾಲ ಇಟ್ಟು ಕುಕ್ಕರಗಾಲಿಲೆ ಕುಂತು ನೋಡಿದ:
ತುದಿ ಎರಡೂ ಕೆಳಗ, ನಡು ಮ್ಯಾಲ.
ಕೊಡ ಇಲ್ಲ, ನೀರಿಲ್ಲ, ಆದ್ರೂ ಹೊತ್ಕೊಂಡೇ ನಿಂತಿತ್ತು.

ಬಾಗೂದು ಕಲ್ತದ ಗದ್ದೆಮ್ಮ, ತಿರುಗಿ ಬರೂದು ಮರ್ತದ.

ಅಪ್ಪ ಕಟ್ಟಿ ಮ್ಯಾಲ ಬಸಿಯಾಗಿನ ಚಹಾ ಊದಾಕತ್ತಿದ್ದ.
ಅವನ ಬಲಗೈ ತಾನಾಗಿ ಎಡಹೆಗಲಿಗಿ ಹೋತು,
ಅಲ್ಲಿ ಇನ್ನೂ ಅದ, ನಿಂಬಿಹಣ್ಣಿನಷ್ಟು ಗಂಟು.
ನೀರು ತರಾಕ ಕಲ್ತಿತ್ತು ಹಯ್ಯಾಳಿ,
ಯಾರಿಗೂ ಚುಚ್ಚಾಕ ಅಲ್ಲ, ಅಂದ.
ಹಿತ್ತಲದಾಗ ಕೋಳಿ ಕೆದರೂದು ಬಿಟ್ರ ಸಪ್ಪಳಿಲ್ಲ.
ಆಮ್ಯಾಲ ಮಾವನೇ ಅದನ್ನ ಎರಡು ಗೂಟಕ್ಕ ಅಡ್ಡ ಕಟ್ಟಿದ.
ಪುಂಡಿ ನಾರು ಅದರ ಮ್ಯಾಲೇ ಒಣಗಹಾಕ್ತೀವಿ ಈಗ,
ಹೆದಿ ಹೊಸ್ಯಾಕ.

ಬಿಲ್ಲಿನ ಕಟಿಗಿ ಬಂದದ್ದು ಖಾಜಾಸಾಬನ ಸೈಕಲ್ ಮ್ಯಾಲ.
ದರ್ಗಾದ ಗೋಡಿಗಿ ಸುಣ್ಣ ಬಳಿಯೂ ನಿಚ್ಚಣಿಕಿ, ಮೆಟ್ಟಲ ಮುರದದ್ದು.
ವರ್ಷಕ್ಕ ಎರಡು ದಿನ ದುಡಿಮಿ,
ಉಳದದ್ದೆಲ್ಲ ಗೋಡಿಗಿ ಬೆನ್ನು ಕೊಟ್ಟು ನೆಟ್ಟಗ ನಿಲ್ಲೂದು.
ರೊಕ್ಕ ತಗೋಳಿಲ್ಲ. ಬೀಡಿ ಕಟ್ಟು ತಗೊಂಡ.

ಬೆನ್ನಿನ ಕಡೆ ಒಂದೇ ಪದರ ಹಿಡಿ, ಅದರ ದಾರಿ ತಪ್ಪಬ್ಯಾಡ.
ಹೊಟ್ಟಿ ಕಡೆ ಹೆರಿ, ಮೊದಲು ಬಾಚಿ, ಕಡೀಕ ಒಡದ ಬಾಟಲಿ ಗಾಜು.
ಗೂಟಕ್ಕ ತೂಗಹಾಕಿ ಹೆದಿಗಿ ಕಲ್ಲಿನ ಚೀಲ ಕಟ್ಟಿ
ಎಲ್ಲಿ ಬಾಗವಲ್ಲದು ನೋಡು, ಅಲ್ಲಿ ಹೆರಿ.
ಬಾಗಿದಲ್ಲಿ ಮುಟ್ಟಬ್ಯಾಡ, ಅದಕ್ಕ ಸಾಕಾಗ್ಯಾದ.
ಕಿವಿ ಕೊಡು. ಟಿಕ್ ಅಂದ್ರ ಮುಗೀತು.
ಹನ್ನೊಂದು ದಿನ ಕಿವಿ ಕೊಟ್ಟೆ. ರೊಟ್ಟಿ ಬಡಿಯೂ ಸಪ್ಪಳಕ್ಕೂ ಬೆಚ್ಚತಿದ್ದೆ.

ಮೊದಲನೇ ಬಾಣ ಬಣವಿಗಿ ಹೋತು. ಎರಡನೇದು ಸಿಗಲೇ ಇಲ್ಲ.
ಸಂಜಿಗಿ ಮಾವ, ಹೆದಿ ಇಳಸು, ಅಂದ,
ಕಟ್ಟಿದ್ದ ಬಿಲ್ಲು ರಾತ್ರಿ ಮಲಗೂದಿಲ್ಲ.
ಇಳಿಸಿ, ನೆಲದ ಮ್ಯಾಲ ಇಟ್ಟು, ಅವನ ಗತಿನೇ ಕುಂತೆ.
ಒಂದು ಬೆರಳು. ಒಂದು ಬೆರಳು ಬಾಗೇ ಉಳದಿತ್ತು.
ಅಪ್ಪ ಕಟ್ಟಿಯಿಂದ ಇಳದು ಬಂದು ತಾನೂ ಬಗ್ಗಿ ನೋಡಿದ.
ಮಾವನ ಮಾರಿ ನೋಡಿದೆ ನಾನು.

ಇಷ್ಟು ಇರ್ತದ ಬಿಡು, ಅಂದ.